ಮಳೆ ಒಂದೇ, ಲೆಕ್ಕ ಬೇರೆ ಬೇರೆ: ಶೃಂಗೇರಿ, ಕೊಪ್ಪ, ನ.ರಾ.ಪುರದ ಮಳೆಮಾಪಕಗಳ ಕಥೆ

ಇವತ್ತಿನ ಸಂಚಿಕೆ ಮಳೆ ಬಗ್ಗೆ ಅಲ್ಲ, ಮಳೆಯನ್ನ ಅಳೆಯೋದರ ಬಗ್ಗೆ. ಇನ್ನೂ ಸರಿಯಾಗಿ ಹೇಳ್ಬೇಕು ಅಂದ್ರೆ, ಅಳೆಯುವಾಗ ಆಗುವ ತಪ್ಪುಗಳ ಬಗ್ಗೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜುಲೈನಲ್ಲಿ ಇಬ್ಬರು ಎದುರಾದ್ರೆ ಮೊದಲ ಮಾತು ಇದೇ: "ಎಷ್ಟ್ ಬಂತು ಗೌಡ್ರೆ ನಿಮ್ಮ ಕಡೆ?" ಉತ್ತರವೂ ಸಿದ್ಧ ಇರುತ್ತೆ: "ಮೂರು ಇಂಚು ಇಪ್ಪತ್ತು ಸೆಂಟ್ಸ್." ಸೆಂಟ್ಸ್ ಅಂದ್ರೆ ಇಲ್ಲಿ ದುಡ್ಡಲ್ಲ, ಇಂಚಿನ ನೂರನೇ ಒಂದು ಭಾಗ. ಕಾಫಿ ಎಸ್ಟೇಟುಗಳ ಮಳೆ ಪುಸ್ತಕದಲ್ಲಿ ಇವತ್ತಿಗೂ ಹೀಗೇ ಬರೀತಾರೆ.

ಮೊದಲಾದ್ರೆ ಈ ಅಂಕಿ ಕಟ್ಟೆ ಮೇಲಿನ ಮಾತಿಗೆ ಮಾತ್ರ ಬೇಕಿತ್ತು. ಈಗ ಹಾಗಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿಗೆ ಪರಿಹಾರ ಬರುತ್ತೋ ಇಲ್ವೋ ಅಂತ ತೀರ್ಮಾನ ಆಗೋದು ಗ್ರಾಮ ಪಂಚಾಯ್ತಿಯ ಮಳೆಮಾಪಕದ ಅಂಕಿಯಿಂದ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತ ಕಟ್ಟೋದು ಅದರ ಶೇ. 5, ಅಂದ್ರೆ 6,400 ರೂಪಾಯಿ. ನಷ್ಟದ ಲೆಕ್ಕಕ್ಕೆ ಮರದ ಬುಡಕ್ಕೆ ಬಂದು ಯಾರೂ ಕಾಯಿ ಎಣಿಸಲ್ಲ. ಅಂಕಿ ಏನು ಹೇಳುತ್ತೋ ಅದೇ ಸಾಕ್ಷಿ. ಹಾಗಿದ್ಮೇಲೆ ಆ ಅಂಕಿ ಎಷ್ಟು ನಂಬಿಕಸ್ತ ಅಂತ ಕೇಳಬೇಕಲ್ವಾ?

ನಾನು ಓದಿದ್ದು ಕಾಮರ್ಸ್. ಸೈನ್ಸ್ ಲ್ಯಾಬಿಗಿಂತ ಲೆಡ್ಜರ್ ನನಗೆ ಹತ್ತಿರ. ಆದ್ರೆ ಅಳತೆಯ ದೋಷಗಳ ಚರಿತ್ರೆ ಓದ್ತಾ ಹೋದ ಹಾಗೆ, ಇದು ಲೆಕ್ಕಪತ್ರ ಶಾಸ್ತ್ರದ ಅಣ್ಣ-ತಮ್ಮನ ಹಾಗೇ ಇದೆ ಅನ್ನಿಸ್ತು.

ಬೊಕ್ಕಸದ ಮುಂದಿನ ಕುಂಡ

ಮಳೆ ಅಳೆಯೋ ಆಸೆ ವಿಜ್ಞಾನದಿಂದ ಹುಟ್ಟಿದ್ದಲ್ಲ, ಆಡಳಿತದಿಂದ ಹುಟ್ಟಿದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಮುಂದೆ ಒಂದು ಅರತ್ನಿ, ಅಂದ್ರೆ ಸುಮಾರು ಒಂದು ಮೊಳ ಅಗಲದ ಬಾಯಿಯ ಕುಂಡ ಇಟ್ಟು ಮಳೆ ಅಳೆಯಬೇಕು ಅನ್ನೋ ಮಾತಿದೆ. ಯಾವ ಸೀಮೆಗೆ ಎಷ್ಟು ದ್ರೋಣ ಮಳೆ, ಅದಕ್ಕೆ ತಕ್ಕಂತೆ ಏನು ಬಿತ್ತಬೇಕು ಅನ್ನೋ ಲೆಕ್ಕವೂ ಇದೆ. ಕೊರಿಯಾದಲ್ಲಿ ರಾಜ ಸೇಜೊಂಗ್ ಕಾಲದಲ್ಲಿ, 1441ರಲ್ಲಿ, ಒಂದೇ ಅಳತೆಯ ಮಳೆಮಾಪಕ ರೂಪುಗೊಂಡು ಪ್ರಾಂತ್ಯಗಳಿಗೆಲ್ಲ ಹೋಯ್ತು.

ಇಲ್ಲಿ ಗಮನಿಸಬೇಕಾದ ವಿಷಯ "ಒಂದೇ ಅಳತೆಯ" ಅನ್ನೋದು. ಒಬ್ಬರು ಬಿಂದಿಗೆ ಇಟ್ಟು, ಇನ್ನೊಬ್ಬರು ತಪ್ಪಲೆ ಇಟ್ಟು, ಎಷ್ಟು ಲೀಟರ್ ಬಂತು ಅಂತ ಹೋಲಿಸೋಕೆ ಆಗಲ್ಲ. ಪಾತ್ರೆಯ ಬಾಯಿ ಎಷ್ಟು ಅಗಲ ಅನ್ನೋದರ ಮೇಲೆ ನೀರು ನಿಲ್ಲುತ್ತೆ. ಹಾಗಾಗಿ ಮಳೆಯನ್ನ ಲೀಟರಿನಲ್ಲಿ ಹೇಳದೆ ಆಳದಲ್ಲಿ ಹೇಳ್ತೀವಿ: ನೀರು ಇಂಗದೆ, ಹರಿಯದೆ ನೆಲದ ಮೇಲೆ ನಿಂತಿದ್ರೆ ಇಷ್ಟು ಮಿಲಿಮೀಟರ್ ನಿಲ್ತಿತ್ತು ಅಂತ.

ಅಬೆಯ ಛಾವಣಿ ಮೇಲೆ ಮಳೆ ಕಡಿಮೆ ಯಾಕೆ?

1769ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಒಂದು ವಿಚಿತ್ರ ಲೆಕ್ಕ ಪ್ರಕಟಿಸಿದ್ರು. ಒಂದೇ ಥರದ ಮೂರು ಮಳೆಮಾಪಕ. ಒಂದು ನೆಲದ ಹತ್ತಿರ, ಒಂದು ಮನೆಯ ಮೇಲೆ, ಇನ್ನೊಂದು ವೆಸ್ಟ್‌ಮಿನ್‌ಸ್ಟರ್ ಅಬೆಯ ಛಾವಣಿ ಮೇಲೆ. ಒಂದು ವರ್ಷದ ಮೊತ್ತ: ನೆಲದ ಹತ್ತಿರ ಸುಮಾರು 22.6 ಇಂಚು, ಮನೆ ಮೇಲೆ 18.1, ಅಬೆಯ ಮೇಲೆ 12.1. ಒಂದೇ ಊರು, ಒಂದೇ ಮೋಡ, ಆದ್ರೆ ಮೇಲೆ ಹೋದ ಹಾಗೆ ಮಳೆ ಅರ್ಧಕ್ಕೆ ಇಳಿದಿತ್ತು!

ಹನಿ ಕೆಳಗೆ ಬರ್ತಾ ಬರ್ತಾ ಗಾಳಿಯ ತೇವ ಹೀರಿ ದಪ್ಪ ಆಗುತ್ತೆ, ಅದಕ್ಕೇ ಕೆಳಗೆ ಜಾಸ್ತಿ ಅಂತ ಎಷ್ಟೋ ಜನ ವಿವರಣೆ ಕೊಟ್ರು. ಬೆಂಜಮಿನ್ ಫ್ರಾಂಕ್ಲಿನ್ ಕೂಡ ಆ ಕಡೆಗೇ ಯೋಚಿಸಿದವರು. ನೋಡಿ, ಉಪಕರಣದ ದೋಷವನ್ನ ಪ್ರಕೃತಿಯ ಗುಣ ಅಂತ ಎಷ್ಟು ಸುಲಭವಾಗಿ ನಂಬಿಬಿಡ್ತೀವಿ.

ಗಂಟು ಬಿಚ್ಚಿದ್ದು 1861ರಲ್ಲಿ. ಬಿಚ್ಚಿದವರ ಹೆಸರು ಕೇಳಿದ್ರೆ ಕಾಮರ್ಸ್ ಓದಿದವರಿಗೆ ಆಶ್ಚರ್ಯ ಆಗ್ಬಹುದು: ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್. ಹೌದು, ಸೀಮಾಂತ ತುಷ್ಟಿಗುಣದ ಪಾಠದಲ್ಲಿ ಬರೋ ಅದೇ ಅರ್ಥಶಾಸ್ತ್ರಜ್ಞ. 1850ರ ದಶಕದಲ್ಲಿ ಅವರು ಸಿಡ್ನಿಯ ಟಂಕಸಾಲೆಯಲ್ಲಿ ಚಿನ್ನದ ಶುದ್ಧತೆ ಪರೀಕ್ಷಿಸೋ ಕೆಲಸದಲ್ಲಿದ್ರು, ಜೊತೆಗೆ ಹವಾಮಾನದ ದಾಖಲೆ ಬರೀತಿದ್ರು. ಅವರು ಹೇಳಿದ್ದು ಇಷ್ಟೆ: ಕಾರಣ ಹನಿಯಲ್ಲಿಲ್ಲ, ಗಾಳಿಯಲ್ಲಿದೆ. ಗಾಳಿ ಮಾಪಕಕ್ಕೆ ಬಡಿದು ಮೇಲಕ್ಕೇಳುತ್ತೆ, ಅದರ ಬಾಯಿಯ ಮೇಲೆ ವೇಗವಾಗಿ ದಾಟುತ್ತೆ. ಒಳಗೆ ಬೀಳಬೇಕಾದ ಹನಿಗಳನ್ನ ಆಚೆಗೆ ಎತ್ತಿಕೊಂಡು ಹೋಗುತ್ತೆ. ಎತ್ತರದಲ್ಲಿ ಗಾಳಿ ಜೋರು, ಹಾಗಾಗಿ ನಷ್ಟವೂ ಜಾಸ್ತಿ. ಅಂದ್ರೆ ಮಳೆಯನ್ನ ಅಳೆಯೋಕೆ ಇಟ್ಟ ವಸ್ತುವೇ ಮಳೆಯನ್ನ ದೂರ ತಳ್ಳುತ್ತೆ.

ಇವತ್ತಿಗೂ ಗಾಳಿಯಿಂದ ಮಳೆಯ ಲೆಕ್ಕದಲ್ಲಿ ಶೇ. 2ರಿಂದ 10ರಷ್ಟು ಖೋತಾ ಆಗುತ್ತೆ ಅಂತ ವಿಶ್ವ ಹವಾಮಾನ ಸಂಸ್ಥೆಯ ಕೈಪಿಡಿ ಹೇಳುತ್ತೆ.

ಎರಡು ಥರದ ತಪ್ಪು

ಗಣಿತಜ್ಞ ಗೌಸ್ 1821ರಲ್ಲಿ ಮಂಡಿಸಿದ ಪ್ರಬಂಧದ ಶುರುವಿನಲ್ಲೇ ದೋಷಗಳನ್ನ ಎರಡು ಗುಂಪು ಮಾಡ್ತಾರೆ. ಒಂದು, ಯಾವ ನಿಯಮಕ್ಕೂ ಸಿಗದೆ ಆಚೆ ಈಚೆ ಆಗೋದು. ಇದು ಯಾದೃಚ್ಛಿಕ ದೋಷ. ಇನ್ನೊಂದು, ಪ್ರತಿ ಸಲವೂ ಒಂದೇ ರೀತಿ ಆಗೋದು. ಇದು ವ್ಯವಸ್ಥಿತ ದೋಷ. ತನ್ನ ಗಣಿತ ಮೊದಲನೆಯದಕ್ಕೆ ಮಾತ್ರ, ಎರಡನೆಯದನ್ನ ಹುಡುಕಿ ತೆಗೆಯೋದು ಅಳೆಯುವವರ ಹೊಣೆ ಅಂತ ಗೌಸ್ ಸ್ಪಷ್ಟವಾಗಿ ಬದಿಗಿಡ್ತಾರೆ.

ಮಳೆಮಾಪಕದಲ್ಲೇ ನೋಡೋಣ. ಅಳತೆ ಗಾಜಿನಲ್ಲಿ ನೀರಿನ ಮೇಲ್ಮೈ ಸ್ವಲ್ಪ ಬಾಗಿರುತ್ತೆ. ಒಬ್ಬರು 62 ಅಂತ ಓದಿದ್ರೆ ಇನ್ನೊಬ್ಬರು 63 ಅಂತಾರೆ. ನಾಳೆ ಅದು ಉಲ್ಟಾ ಆಗ್ಬಹುದು. ತಿಂಗಳ ಕೊನೆಯಲ್ಲಿ ಕೂಡಿಸಿದ್ರೆ ಈ ಹೆಚ್ಚುಕಮ್ಮಿ ಬಹುಪಾಲು ಒಂದನ್ನೊಂದು ತಿಂದು ಹೋಗುತ್ತೆ. ಅಕೌಂಟ್ಸ್‌ನಲ್ಲಿ ಇದಕ್ಕೆ ಸರಿದೂಗುವ ತಪ್ಪುಗಳು ಅಂತೀವಿ.

ಈಗ ಎರಡನೆಯದು. ಒಬ್ಬರು ಇಂಚಿನ ಲೆಕ್ಕವನ್ನ ಮಿಲಿಮೀಟರಿಗೆ ಬದಲಾಯಿಸ್ತಾರೆ ಅಂದುಕೊಳ್ಳಿ. ಒಂದು ಇಂಚಿಗೆ 25.4 ಮಿ.ಮೀ. "ಇಪ್ಪತ್ತೈದು ಅಂತ ಹಿಡ್ಕೊಂಡ್ರೆ ಸಾಕು ಬಿಡಿ" ಅಂತ ಅವರು ಹಾಗೇ ಬರೆದ್ರೆ? ಒಂದು ದಿನಕ್ಕೆ ಏನೂ ಗೊತ್ತಾಗಲ್ಲ. ಆದ್ರೆ ವರ್ಷಕ್ಕೆ 150 ಇಂಚು ಬಿದ್ದ ಜಾಗದಲ್ಲಿ 3,810 ಮಿ.ಮೀ. ಬದಲು 3,750 ಆಗುತ್ತೆ. 60 ಮಿ.ಮೀ. ಮಾಯ. ಮೂವತ್ತು ವರ್ಷ ಹೀಗೇ ಬರೆದ್ರೂ ಈ ತಪ್ಪು ಕರಗಲ್ಲ, ಯಾಕಂದ್ರೆ ಪ್ರತಿದಿನ ಒಂದೇ ಕಡೆಗೆ ವಾಲಿದೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಿದೆ ಅಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ ಅಂತ ಮೇಷ್ಟ್ರು ಹೇಳ್ತಾರಲ್ಲ, ಅದೇ ಕಥೆ.

ಜಾಸ್ತಿ ಸಲ ಅಳೆದ್ರೆ ಯಾದೃಚ್ಛಿಕ ದೋಷ ಕಡಿಮೆ ಆಗುತ್ತೆ. ವ್ಯವಸ್ಥಿತ ದೋಷ ಹಾಗೇ ಇರುತ್ತೆ. ಕಡಿಮೆ ಆಗೋದು ನಮ್ಮ ಅನುಮಾನ ಮಾತ್ರ.

ಎಡೇಹಳ್ಳಿಯಿಂದ ನ.ರಾ.ಪುರಕ್ಕೆ

ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ, ಮೊದಲ ಮುಖ್ಯಸ್ಥರು ಎಚ್.ಎಫ್. ಬ್ಲಾನ್‌ಫರ್ಡ್. ಅದರ ಮರುವರ್ಷವೇ ಮೈಸೂರು ಸೀಮೆಯನ್ನೂ ಸೇರಿಸಿ ದಕ್ಷಿಣ ಭಾರತವನ್ನ ಅಲ್ಲಾಡಿಸಿದ 1876-78ರ ಮಹಾಕ್ಷಾಮ. ಎಲ್ಲಿ ಎಷ್ಟು ಮಳೆ ಬಿತ್ತು ಅನ್ನೋದು ಸರ್ಕಾರಕ್ಕೆ ಸಾವು-ಬದುಕಿನ ಲೆಕ್ಕ ಆಯ್ತು. 1890ರ ದಶಕದ ಹೊತ್ತಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ಮೈಸೂರು ಸಂಸ್ಥಾನದ ಮಳೆ ದಾಖಲೆಯ ವರದಿಗಳು ವರ್ಷ ವರ್ಷ ಅಚ್ಚಾಗ್ತಿದ್ವು.

ಆ ಕಾಲದ ದಾಖಲೆಯಲ್ಲಿ ನರಸಿಂಹರಾಜಪುರ ಅಂತ ಹುಡುಕಿದ್ರೆ ಸಿಗಲ್ಲ. ಆಗ ಅದು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದು ಹೋದ ನೆನಪಿಗೆ 1915ರಲ್ಲಿ ಹೆಸರು ಬದಲಾಯ್ತು. ಹಳೇ ಅಂಕಿಗಳನ್ನ ಕಂಪ್ಯೂಟರಿಗೆ ಹಾಕುವಾಗ ಎಡೇಹಳ್ಳಿಯನ್ನ ಬೇರೆ ಊರು ಅಂತ ಬರೆದುಕೊಂಡ್ರೆ ಒಂದು ಜಾಗದ ಚರಿತ್ರೆ ಎರಡು ತುಂಡಾಗುತ್ತೆ. ಇದು ಮೂರನೇ ಥರ, ಶುದ್ಧ ಎಡವಟ್ಟು. ಇದನ್ನ ಸರಾಸರಿ ತೆಗೆದು ಸರಿ ಮಾಡೋಕಾಗಲ್ಲ, ಸೂತ್ರ ಹಾಕಿ ತಿದ್ದೋಕೂ ಆಗಲ್ಲ. ಹಿಡಿದು ತೆಗೀಬೇಕು ಅಷ್ಟೆ.

ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಸೈಮನ್ಸ್ ಮಾದರಿಯ ಮಾಪಕ. ಐದು ಇಂಚು ಅಗಲದ ಬಾಯಿ, ಒಳಗೊಂದು ಆಲಿಕೆ, ಅದರ ಕೆಳಗೆ ಬಾಟ್ಲಿ, ಹೊರಗೆ ಲೋಹದ ಡಬ್ಬಿ. ಬಾಯಿ ನೆಲದಿಂದ ಸುಮಾರು ಒಂದು ಅಡಿ ಎತ್ತರ. ಇನ್ನೂ ಮೇಲಿಟ್ರೆ ಗಾಳಿಯ ತೊಂದರೆ, ಇನ್ನೂ ಕೆಳಗಿಟ್ರೆ ನೆಲದಿಂದ ಸಿಡಿದ ನೀರು ಒಳಗೆ ಬೀಳುತ್ತೆ. ಆ ಒಂದು ಅಡಿ ಅನ್ನೋದು ಎರಡು ದೋಷಗಳ ನಡುವಿನ ರಾಜಿ.

ಓದೋ ಸಮಯ ಬೆಳಗ್ಗೆ ಎಂಟೂವರೆ. ಇವತ್ತಿನ ತಾರೀಖಿನಲ್ಲಿ ಬರೆದ ಮಳೆ ಬಹುಪಾಲು ನಿನ್ನೆಯದು. ಮನೆಯಲ್ಲಿ ಡೈರಿ ಇಟ್ಟವರು ಅದನ್ನೇ ನಿನ್ನೆಯ ತಾರೀಖಿಗೆ ಬರೆದಿರ್ತಾರೆ. ತಿಂಗಳ ಮೊತ್ತಕ್ಕೆ ಇದರಿಂದ ಹೆಚ್ಚು ತೊಂದರೆ ಇಲ್ಲ. ಆದ್ರೆ ಯಾವ ದಿನ ಎಷ್ಟು ಅನ್ನೋ ಜಗಳ ಬಂದಾಗ ಎರಡು ಪುಸ್ತಕ ತಾಳೆ ಆಗಲ್ಲ.

ಬಾಟ್ಲಿ ತುಂಬಿದ ಮೇಲೆ ಏನು?

ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ. ಶೃಂಗೇರಿ ಘಟ್ಟದ ಅಂಚಿಗೆ ಹತ್ತಿರ, ಆಚೆ ಆಗುಂಬೆ. ಅಲ್ಲಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಇಳೀತಾ ಹೋಗುತ್ತೆ. ಶೃಂಗೇರಿಗಿಂತ ಕೊಪ್ಪದಲ್ಲಿ ಕಡಿಮೆ, ಕೊಪ್ಪಕ್ಕಿಂತ ಭದ್ರಾ ಹಿನ್ನೀರಿನ ಬದಿಯ ನ.ರಾ.ಪುರದಲ್ಲಿ ಇನ್ನೂ ಕಡಿಮೆ. ಶೃಂಗೇರಿ ಹತ್ತಿರದ ಕಿಗ್ಗದ ಋಷ್ಯಶೃಂಗೇಶ್ವರನ ಹತ್ರ ಮಳೆ ಬರ್ಲಿ ಅಂತಲೂ ಹೋಗ್ತಾರೆ, ಬಂದ ಮಳೆ ನಿಲ್ಲಲಿ ಅಂತಲೂ ಹೋಗ್ತಾರೆ. ಎರಡೂ ಹರಕೆಗೆ ಅರ್ಥ ಇರೋ ಸೀಮೆ ಇದು.

ಸೈಮನ್ಸ್ ಮಾಪಕದ ಬಾಟ್ಲಿ ಹಿಡಿಯೋದು ಸುಮಾರು 75ರಿಂದ 100 ಮಿ.ಮೀ. ಅದಕ್ಕಿಂತ ಜಾಸ್ತಿ ಬಂದ್ರೆ ನೀರು ಹೊರಗಿನ ಡಬ್ಬಿಗೆ ಇಳಿಯುತ್ತೆ. ಜೋರು ಮಳೆಯ ದಿನ ಮೂರು-ನಾಲ್ಕು ಸಲ ಹೋಗಿ ಓದಬೇಕು, ಎಲ್ಲ ಕೂಡಿಸಿ ಬರೀಬೇಕು ಅನ್ನೋದು ನಿಯಮ. ಒಂದು ಕಲ್ಪಿತ ದಿನ ತಗೊಳ್ಳಿ. ಶೃಂಗೇರಿ ಕಡೆ 180 ಮಿ.ಮೀ., ನ.ರಾ.ಪುರದಲ್ಲಿ 60. ಎರಡೂ ಕಡೆಯವರು ಬೆಳಗ್ಗೆ ಒಂದೇ ಸಲ ಹೋಗಿ, ಬಾಟ್ಲಿಯ ನೀರನ್ನ ಮಾತ್ರ ಅಳೆದು ಬರ್ತಾರೆ ಅಂದುಕೊಳ್ಳಿ. ನ.ರಾ.ಪುರದವರ ಪುಸ್ತಕದಲ್ಲಿ 60, ಸರಿಯಾಗಿದೆ. ಶೃಂಗೇರಿಯ ಪುಸ್ತಕದಲ್ಲಿ 100. ನಿಜವಾದ ವ್ಯತ್ಯಾಸ 120 ಇದ್ದದ್ದು ಪುಸ್ತಕದಲ್ಲಿ 40 ಆಯ್ತು.

ಇಬ್ಬರ ಕೆಲಸದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಉಪಕರಣ ಒಂದೇ. ಆದ್ರೂ ತಪ್ಪು ಆಗಿದ್ದು ಮಳೆ ಜಾಸ್ತಿ ಬಿದ್ದ ಕಡೆ ಮಾತ್ರ, ಅದೂ ಜಾಸ್ತಿ ಬಿದ್ದ ದಿನ ಮಾತ್ರ. ದೋಷ ಎಲ್ಲರಿಗೂ ಸಮವಾಗಿ ಹಂಚಿಕೆ ಆಗಲ್ಲ. ಕಷ್ಟ ಎಲ್ಲಿ ಜಾಸ್ತಿಯೋ ಅಲ್ಲೇ ಅದು ಅಂಕಿಯನ್ನ ಕಡಿಮೆ ಮಾಡುತ್ತೆ.

ಆಮೇಲೆ ಬಂದ ಫೈಬರ್ ಮಾಪಕಗಳಲ್ಲಿ ಬಾಟ್ಲಿ ದೊಡ್ಡದು. 100 ಚದರ ಸೆಂಟಿಮೀಟರ್ ಬಾಯಿಗೆ 10 ಲೀಟರ್ ಬಾಟ್ಲಿ ಇಟ್ರೆ 1,000 ಮಿ.ಮೀ. ತನಕ ಹಿಡಿಯುತ್ತೆ. ಆದ್ರೆ ಇಲ್ಲಿ ಬೇರೆ ಬಲೆ ಇದೆ. ಇದೇ ಮಾಪಕ 200 ಚದರ ಸೆಂಟಿಮೀಟರ್ ಬಾಯಿಯಲ್ಲೂ ಬರುತ್ತೆ. ಚಿಕ್ಕ ಬಾಯಿಯಲ್ಲಿ 1 ಮಿ.ಮೀ. ಮಳೆಗೆ 10 ಮಿಲಿಲೀಟರ್ ನೀರು, ದೊಡ್ಡದರಲ್ಲಿ 20. ಒಂದರ ಅಳತೆ ಗಾಜು ಒಡೆದಾಗ ಇನ್ನೊಂದರದ್ದನ್ನ ಬಳಸಿದ್ರೆ ಮಳೆ ಎರಡು ಪಟ್ಟು ಆಗುತ್ತೆ, ಇಲ್ಲ ಅರ್ಧ ಆಗುತ್ತೆ.

ಗದ್ದೆ ತೋಟ ಆದಾಗ

ಮಾಪಕ ಎಲ್ಲಿಡಬೇಕು ಅನ್ನೋದಕ್ಕೂ ನಿಯಮ ಇದೆ. ಹತ್ತಿರದ ಮರ ಅಥವಾ ಕಟ್ಟಡ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟಾದ್ರೂ ದೂರ ಇರಬೇಕು. ಐವತ್ತು ಅಡಿ ಅಡಿಕೆ ಮರದಿಂದ ನೂರು ಅಡಿ. ಮಲೆನಾಡಿನಲ್ಲಿ ಅಷ್ಟು ಬಯಲು ಸಿಗೋದು ಗದ್ದೆಯಲ್ಲಿ, ಇಲ್ಲ ಕಣದಲ್ಲಿ, ಇಲ್ಲ ಶಾಲೆ ಮೈದಾನದಲ್ಲಿ.

ಆದ್ರೆ ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಗದ್ದೆಗಳು ಅಡಿಕೆ ತೋಟ ಆಗಿವೆ. ಬಯಲಿನಲ್ಲಿ ನಿಂತ ಒಂದು ಮಾಪಕದ ಸುತ್ತ ಸಸಿ ನೆಟ್ಟಿದ್ದಾರೆ ಅಂದುಕೊಳ್ಳಿ. ಮೊದಲ ವರ್ಷಗಳಲ್ಲಿ ಏನೂ ಆಗಲ್ಲ. ಮರ ಬೆಳೆದ ಹಾಗೆ ಓರೆ ಮಳೆ ತಡೆಯುತ್ತೆ. ಮಾಪಕದಲ್ಲಿ ನೀರು ಸ್ವಲ್ಪ ಸ್ವಲ್ಪವೇ ಕಡಿಮೆ ಆಗುತ್ತೆ. ಹದಿನೈದು ವರ್ಷ ಆದ್ಮೇಲೆ ಗ್ರಾಫ್ ಹಾಕಿದವರಿಗೆ "ಈ ಊರಲ್ಲಿ ಮಳೆ ಕಮ್ಮಿ ಆಗ್ತಿದೆ" ಅಂತ ಕಾಣುತ್ತೆ. ಮಳೆ ಅಷ್ಟೇ ಇರಬಹುದು, ಬೆಳೆದಿದ್ದು ಮರ. ಹವಾಮಾನ ಬದಲಾವಣೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದನ್ನ ಗಂಭೀರವಾಗಿ ತಗೊಳ್ಳೋರು ಮೊದಲು ಮಾಪಕದ ಅಕ್ಕಪಕ್ಕ ನೋಡಬೇಕು ಅಂತ ಹೇಳ್ತಿದ್ದೀನಿ.

ಕೊಳೆರೋಗಕ್ಕೆ ಬೇಕಿರೋ ಅಂಕಿ ಯಾವುದು?

ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ್ರು. ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಡೀತಿದ್ದ ಮಲೆನಾಡಿಗೆ ಬೋರ್ಡೋ ದ್ರಾವಣದ ದಾರಿ ತೋರಿಸಿದವರಲ್ಲಿ ಅವರು ಮುಖ್ಯರು. ರೋಗಕ್ಕೆ ಬೇಕಿರೋದು ಬರೀ ಮಳೆಯ ಮೊತ್ತ ಅಲ್ಲ. ಬಿಡದೆ ಹಿಡಿದ ಮಳೆ, ಆರದ ಗೊನೆ, ತಂಪು ಗಾಳಿ. ಒಂದೇ ದಿನ 150 ಮಿ.ಮೀ. ಸುರಿದು ಆಮೇಲೆ ಬಿಸಿಲು ಬಂದ್ರೆ ಒಂದು ಕಥೆ, ಅದೇ ಮಳೆ ಹತ್ತು ದಿನ ಜಿಟಿಜಿಟಿ ಅಂದ್ರೆ ಇನ್ನೊಂದು ಕಥೆ. ಹಾಗಾಗಿ ಮಾಪಕ ಸರಿಯಾಗಿ ಅಳೆದರೂ, ನಾವು ತಿಳಿಯಬೇಕಾದ್ದನ್ನೇ ಅದು ಅಳೀತಿದೆಯಾ ಅನ್ನೋ ಪ್ರಶ್ನೆ ಉಳಿಯುತ್ತೆ. ಅಕೌಂಟ್ಸ್‌ನಲ್ಲಿ ಇದು ತತ್ವದ ತಪ್ಪು. ಮೊತ್ತ ಸರಿ, ಹಾಕಿದ ಖಾತೆಯೇ ಬೇರೆ.

ಇವತ್ತಿನ ವ್ಯವಸ್ಥೆ ತುಂಬಾ ದೂರ ಬಂದಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಸಂಸ್ಥೆ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯ್ತಿ ಮಟ್ಟದ ಅದರ ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸ್ತವೆ. ಗುಡ್ಡಗಾಡಿನ ಹೆಚ್ಚು ಮಳೆಯ ಸೀಮೆಯಲ್ಲಿ 130 ಚದರ ಕಿಲೋಮೀಟರಿಗೆ ಒಂದು ಮಾಪಕ ಇರಬೇಕು ಅನ್ನೋದು ಭಾರತೀಯ ಮಾನಕ. ಪಂಚಾಯ್ತಿಗೊಂದು ಅನ್ನೋದು ಅದಕ್ಕಿಂತ ಎಷ್ಟೋ ದಟ್ಟ.

ಆದ್ರೆ ದಟ್ಟ ಅಂದ್ರೆ ನಿಖರ ಅಂತಲ್ಲ. ಸ್ವಯಂಚಾಲಿತ ಮಾಪಕಗಳಲ್ಲಿ ಹೆಚ್ಚು ಕಾಣೋ ತಂತ್ರ ಟಿಪ್ಪಿಂಗ್ ಬಕೆಟ್. ಒಂದು ಪುಟ್ಟ ಬುಟ್ಟಿ ತುಂಬಿದ ಕೂಡಲೇ ವಾಲಿ ನೀರು ಚೆಲ್ಲುತ್ತೆ, ಇನ್ನೊಂದು ಬುಟ್ಟಿ ಆ ಜಾಗಕ್ಕೆ ಬರುತ್ತೆ, ಪ್ರತಿ ವಾಲಿಕೆಗೆ ಒಂದು ಎಣಿಕೆ. 1660ರ ದಶಕದಲ್ಲಿ ಲಂಡನ್ನಿನ ಕ್ರಿಸ್ಟೋಫರ್ ರೆನ್ ಯೋಚಿಸಿದ ಉಪಾಯ ಇದು. ವಾಲೋಕೆ ಕ್ಷಣಕಾಲ ಬೇಕು. ಸಾಧಾರಣ ಮಳೆಯಲ್ಲಿ ಲೆಕ್ಕಕ್ಕಿಲ್ಲ, ಧಾರಾಕಾರ ಮಳೆಯಲ್ಲಿ ಆ ಕ್ಷಣದಲ್ಲಿ ಬಿದ್ದ ನೀರು ಎಣಿಕೆಗೆ ಬರಲ್ಲ. ಸೈಮನ್ಸ್ ಬಾಟ್ಲಿಯ ಕಥೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಮಳೆ ಜೋರಾದಷ್ಟೂ ಅಂಕಿ ಹಿಂದೆ ಬೀಳುತ್ತೆ. ಆಲಿಕೆಗೆ ಎಲೆ, ಜೇಡರ ಬಲೆ ಕಟ್ಟಿದ್ರಂತೂ ಮುಗೀತು: ಸುರಿಯೋ ದಿನ ಅಂಕಿ ಸೊನ್ನೆ, ನಿಂತ ದಿನ ತೊಟ್ಟಿಕ್ಕುತ್ತೆ.

ಮಾಪಕ ಕೆಟ್ಟಿದೆ, ಪರಿಹಾರ ಬಂದಿಲ್ಲ ಅನ್ನೋ ದೂರು ಮಲೆನಾಡಿನ ಜಿಲ್ಲೆಗಳಲ್ಲಿ ಕೇಳ್ತಾನೇ ಇದೆ. ಅಂಕಿ ಸಿಗದಿದ್ದಾಗ ಹತ್ತಿರದ ಬದಲಿ ಕೇಂದ್ರದ ಅಂಕಿ ತಗೊಳ್ಳೋ ಪದ್ಧತಿ ಇದೆ. ಬಯಲುಸೀಮೆಯಲ್ಲಿ ಇದು ನಡೀಬಹುದು. ಒಂದು ಗುಡ್ಡ ದಾಟಿದ್ರೆ ಮಳೆಯ ಸ್ವಭಾವವೇ ಬದಲಾಗೋ ಕಡೆ "ಹತ್ತಿರ" ಅನ್ನೋ ಪದವನ್ನ ಕಿಲೋಮೀಟರಿನಲ್ಲಿ ಅಳೆಯೋಕೆ ಆಗಲ್ಲ.

ಪಕ್ಕದ ಪುಸ್ತಕ

ಹಾಗಾದ್ರೆ ವ್ಯವಸ್ಥಿತ ದೋಷ ಹಿಡಿಯೋದು ಹೇಗೆ? ಅದೇ ಮಾಪಕವನ್ನ ನೂರು ಸಲ ಓದಿದ್ರೆ ಸಿಗಲ್ಲ. ಅಬೆಯ ಮೇಲಿನ ಮಾಪಕ ಒಂದೇ ಇದ್ದಿದ್ರೆ ಹೆಬರ್ಡನ್‌ಗೆ 12 ಇಂಚೇ ಸತ್ಯ ಆಗಿರ್ತಿತ್ತು. ಕೆಳಗೆ ಇನ್ನೊಂದು ಇದ್ದದ್ದರಿಂದ ಪ್ರಶ್ನೆ ಹುಟ್ಟಿತು.

1937ರಲ್ಲಿ ಅಮೆರಿಕದ ಮೆರಿಯಂ ಎಂಬುವರು ಬಳಕೆಗೆ ತಂದ ಒಂದು ಸರಳ ವಿಧಾನ ಇದೆ. ಸುತ್ತಲಿನ ಹಲವು ಕೇಂದ್ರಗಳ ಸರಾಸರಿ ಮಳೆಯನ್ನ ವರ್ಷ ವರ್ಷ ಕೂಡಿಸ್ತಾ ಒಂದು ಕಡೆ ಬರೀರಿ, ಅನುಮಾನ ಇರೋ ಕೇಂದ್ರದ ಮಳೆಯನ್ನ ಹಾಗೇ ಕೂಡಿಸ್ತಾ ಇನ್ನೊಂದು ಕಡೆ ಬರೀರಿ, ಎರಡನ್ನೂ ಸೇರಿಸಿ ಗೆರೆ ಎಳೀರಿ. ಮಳೆ ಹೆಚ್ಚೋ ಕಮ್ಮಿಯೋ, ಎಲ್ಲ ಕಡೆ ಒಟ್ಟಿಗೇ ಆದ್ರೆ ಗೆರೆ ನೆಟ್ಟಗಿರುತ್ತೆ. ಒಂದು ವರ್ಷದಿಂದ ಗೆರೆ ಬಾಗಿದ್ರೆ, ಆ ವರ್ಷ ಆ ಕೇಂದ್ರದಲ್ಲಿ ಏನೋ ಬದಲಾಗಿದೆ: ಮಾಪಕ, ಜಾಗ, ಅಕ್ಕಪಕ್ಕದ ಮರ, ಇಲ್ಲ ಓದೋ ವ್ಯಕ್ತಿ. ನಮ್ಮ ಭಾಷೆಯಲ್ಲಿ ಇದು ಬ್ಯಾಂಕ್ ರಿಕನ್ಸಿಲಿಯೇಷನ್. ನಮ್ಮ ಕ್ಯಾಶ್ ಬುಕ್ಕನ್ನ ಬ್ಯಾಂಕಿನ ಪಾಸ್ ಬುಕ್ ಜೊತೆ ಇಟ್ಟು ನೋಡೋದು.

ಈ ಪಾಸ್ ಬುಕ್ ನಮ್ಮ ಸೀಮೆಯಲ್ಲಿ ಬೇಕಾದಷ್ಟಿದೆ. ಎಸ್ಟೇಟುಗಳ ರಿಜಿಸ್ಟರ್, ಅಡಿಕೆ ಬೆಳೆಗಾರರ ಮನೆಯ ಡೈರಿ. ನ.ರಾ.ಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೀತಿದೆ, ಅಂಥ ಕಡೆ ಮಳೆ ಅಳೆಯದೆ ಪ್ರಯೋಗ ಮುಂದೆ ಹೋಗಲ್ಲ. ಮನೆಯ ಡೈರಿಯಲ್ಲೂ ದೋಷ ಇದೆ ನಿಜ. ಆದ್ರೆ ಅದರ ದೋಷ ಬೇರೆ, ಪಂಚಾಯ್ತಿ ಮಾಪಕದ ದೋಷ ಬೇರೆ. ಬೇರೆ ಬೇರೆ ಕಾರಣಕ್ಕೆ ತಪ್ಪುವ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ್ರೆ ಅದಕ್ಕೆ ತೂಕ ಇರುತ್ತೆ.

ಹಾಗಾಗಿ ಮನೆಯಲ್ಲಿ ಮಳೆ ಬರೆಯೋರಿಗೆ ನಾಲ್ಕು ಮಾತು. ಅಂಕಿಯ ಜೊತೆ ಓದಿದ ಸಮಯ ಬರೀರಿ. ಮಾಪಕ ಬದಲಾಯಿಸಿದ್ರೆ, ಜಾಗ ಬದಲಾಯಿಸಿದ್ರೆ ತಾರೀಖು ಸಮೇತ ಬರೀರಿ. ತುಂಬಿ ಚೆಲ್ಲಿದ ದಿನ ಅಂಕಿಯ ಪಕ್ಕ "ಚೆಲ್ಲಿದೆ" ಅಂತ ಬರೀರಿ. ಓದದೆ ಬಿಟ್ಟ ದಿನ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ, ಖಾಲಿ ಅಂದ್ರೆ ನೋಡಿಲ್ಲ ಅಂತ. ವಿಮೆಯ ಕಾಗದದ ಮುಂದೆ ಕೂತಾಗ ಈ ಎರಡರ ನಡುವಿನ ವ್ಯತ್ಯಾಸ ಒಂದು ವರ್ಷದ ಫಸಲಿನಷ್ಟು ದೊಡ್ಡದು.

ನಿಮ್ಮ ಮನೆಯಲ್ಲಿ ಹಳೇ ಮಳೆ ಪುಸ್ತಕ ಇದ್ರೆ ರದ್ದಿಗೆ ಹಾಕಬೇಡಿ.